ಆಯಸ್ಕಾಂತ ಕಟ್ಟುವ ಬ್ಯಾಕ್ಟೀರಿಯಾ

1963ರಲ್ಲಿ ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಸಾಲ್ವತೋರೆ ಬೆಲ್ಲಿನಿ ಅವರು ಕೆಸರುನೀರಿನ ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡುವಾಗ ಒಂದು ವಿಚಿತ್ರ ಕಂಡರು. ಕೆಲವು ಬ್ಯಾಕ್ಟೀರಿಯಾಗಳು ಗುಂಪುಗೂಡಿ ಉತ್ತರದ ಕಡೆಗೇ ಈಜುತ್ತಿದ್ದವು. ಇದನ್ನವರು ಇಟಾಲಿಯನ್ನಿನಲ್ಲಿ ಬರೆದಿಟ್ಟರು, ಹೊರಗಿನವರು ಓದಲಿಲ್ಲ. ಹನ್ನೆರಡು ವರ್ಷ ಕಳೆದು, 1975ರಲ್ಲಿ, ಅಮೆರಿಕದ ಸಂಶೋಧನಾ ವಿದ್ಯಾರ್ಥಿ ರಿಚರ್ಡ್ ಬ್ಲೇಕ್‌ಮೋರ್ ವುಡ್ಸ್ ಹೋಲ್ ಕಡಲತೀರದ ಜೌಗಿನ ಕೆಸರಿನಲ್ಲಿ ಇಂಥದ್ದನ್ನೇ ಕಂಡರು. ಬೆಳಕಿನ ಸೆಳೆತವಿರಬಹುದೇ ಎಂದು ಅನುಮಾನಿಸಿ ಕತ್ತಲು ಮಾಡಿದರು, ಸೂಕ್ಷ್ಮದರ್ಶಕವನ್ನೇ ತಿರುಗಿಸಿಟ್ಟರು. ಬ್ಯಾಕ್ಟೀರಿಯಾಗಳು ದಿಕ್ಕು ಬದಲಿಸಲಿಲ್ಲ. ಆಯಸ್ಕಾಂತವೊಂದನ್ನು ಹತ್ತಿರ ತಂದಾಗ ಮಾತ್ರ ಎಲ್ಲವೂ ಒಮ್ಮೆಗೇ ತಿರುಗಿದವು.

ಅವುಗಳ ಒಡಲಲ್ಲಿದ್ದದ್ದು ಮಣಿಸರದಂತೆ ಸಾಲಾಗಿ ಜೋಡಿಸಿದ ಮ್ಯಾಗ್ನೆಟೈಟ್ ಹರಳುಗಳು. ಮ್ಯಾಗ್ನೆಟೈಟ್ ಎಂದರೆ ಕಬ್ಬಿಣದ ಆಕ್ಸೈಡ್, ಬೆಟ್ಟಗುಡ್ಡಗಳಲ್ಲಿ ಸಿಗುವ ಕಾಂತದ ಅದಿರು. ಒಂದೊಂದು ಹರಳಿನ ಅಳತೆ ಸಾಮಾನ್ಯವಾಗಿ 35ರಿಂದ 120 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಪ್ರತಿ ಹರಳಿಗೂ ಕೊಬ್ಬಿನ ತೆಳು ಪೊರೆಯ ಹೊದಿಕೆ ಇರುತ್ತದೆ. ಹರಳು ಮತ್ತು ಪೊರೆ ಸೇರಿದ ಈ ಘಟಕಕ್ಕೆ ಮ್ಯಾಗ್ನೆಟೋಸೋಮ್ ಎಂದು ಹೆಸರು. ಈ ಜೀವಿಗಳಿಗೆ ಆಮ್ಲಜನಕ ತೀರಾ ಕಡಿಮೆ ಇರುವ ಕೆಸರೇ ಹಿತ. ಭೂಮಿಯ ಕಾಂತರೇಖೆ ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಹೋಗುತ್ತಾ ಕೆಳಗೂ ಬಾಗುತ್ತದೆ. ಹೀಗಾಗಿ ಉತ್ತರ ಹಿಡಿದು ಹೊರಟದ್ದು ತಳದ ಕೆಸರು ಸೇರುತ್ತದೆ. ದಕ್ಷಿಣಾರ್ಧಗೋಳದ ಬ್ಯಾಕ್ಟೀರಿಯಾಗಳು ಬಹುಪಾಲು ದಕ್ಷಿಣಕ್ಕೆ ಈಜುತ್ತವೆ ಎಂದು ಆಮೇಲೆ ಗೊತ್ತಾಯಿತು.

ಈ ಹರಳುಗಳಿಗೂ ಕ್ಯಾನ್ಸರ್ ಚಿಕಿತ್ಸೆಗೂ ಇರುವ ನಂಟು ಶಾಖದಿಂದ ಶುರುವಾಗುತ್ತದೆ. 42ರಿಂದ 46 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ, ಇಲ್ಲವೇ ವಿಕಿರಣಕ್ಕೆ ಸುಲಭವಾಗಿ ಮಣಿಯುವಷ್ಟು ಸೊರಗುತ್ತವೆ. ಕಷ್ಟವಿರುವುದು ಗಡ್ಡೆಯನ್ನು ಮಾತ್ರ ಬಿಸಿ ಮಾಡಿ ಸುತ್ತಲಿನ ಅಂಗಾಂಶವನ್ನು ತಣ್ಣಗಿಡುವುದರಲ್ಲಿ. ಕಬ್ಬಿಣದ ಆಕ್ಸೈಡಿನ ಕಣಗಳನ್ನು ಒಳಗಿಟ್ಟು ಹೊರಗಿನಿಂದ ಕಾಂತಕ್ಷೇತ್ರ ಹಾಯಿಸುವ ಉಪಾಯವನ್ನು 1957ರಲ್ಲೇ ಅಮೆರಿಕದ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ದುಗ್ಧಗ್ರಂಥಿಗಳ ಮೇಲೆ ಪರೀಕ್ಷಿಸಿದ್ದರು. ಕಾಂತಕ್ಷೇತ್ರದ ದಿಕ್ಕು ಸೆಕೆಂಡಿಗೆ ಲಕ್ಷ ಸಲ ಹಿಂದುಮುಂದಾದರೆ ಕಣದೊಳಗಿನ ಕಾಂತತ್ವವೂ ಅಷ್ಟೇ ಸಲ ತಿರುಗಬೇಕು. ಆ ತಿರುಗಾಟದಲ್ಲಿ ಸೋರಿಹೋಗುವ ಶಕ್ತಿಯೇ ಶಾಖ.

ಎಷ್ಟು ಶಾಖ ಎಂಬುದು ಕಣದ ಗಾತ್ರದ ಮೇಲೆ ನಿಂತಿದೆ. ಕಣ ತೀರಾ ಚಿಕ್ಕದಾದರೆ ಕೋಣೆಯ ಸಾಮಾನ್ಯ ಬಿಸಿಯೇ ಅದರ ಕಾಂತದಿಕ್ಕನ್ನು ಅಲ್ಲಾಡಿಸುತ್ತಿರುತ್ತದೆ. ತೀರಾ ದೊಡ್ಡದಾದರೆ ಒಂದೇ ಕಣದೊಳಗೆ ಬೇರೆ ಬೇರೆ ದಿಕ್ಕಿನ ವಲಯಗಳು ಹುಟ್ಟಿ ಒಂದರ ಬಲವನ್ನು ಇನ್ನೊಂದು ತಿನ್ನುತ್ತದೆ. ಇವೆರಡರ ನಡುವಿನ ಕಿರಿದಾದ ಅಳತೆಯಲ್ಲಿ ಮಾತ್ರ ಇಡೀ ಕಣ ಒಂದು ಗಟ್ಟಿ ಆಯಸ್ಕಾಂತ. ಬ್ಯಾಕ್ಟೀರಿಯಾ ತಯಾರಿಸುವುದು ಸರಿಯಾಗಿ ಆ ಅಳತೆಯನ್ನೇ. ಹರಳು ಬೆಳೆಯುವ ಪೊರೆಚೀಲವನ್ನು ಮೊದಲು ಕಟ್ಟಿ, ಅದರೊಳಕ್ಕೆ ಕಬ್ಬಿಣ ಸಾಗಿಸಿ, ಗಾತ್ರ ಸಾಕಾದಾಗ ನಿಲ್ಲಿಸುವ ಕೆಲಸವನ್ನು ಒಂದು ಗುಂಪಿನ ಜೀನುಗಳು ನೋಡಿಕೊಳ್ಳುತ್ತವೆ. ಹರಳುಗಳು ಚದುರದಂತೆ ಸಾಲಿನಲ್ಲಿ ಹಿಡಿದಿಡುವುದಕ್ಕೂ ಪ್ರತ್ಯೇಕ ಪ್ರೋಟೀನಿನ ಎಳೆ ಇದೆ. 2005ರಲ್ಲಿ ಜರ್ಮನಿಯ ಹೆರ್ಗ್ಟ್ ತಂಡ ಇಂಥ ಕಣಗಳ ಶಾಖವನ್ನು ಅಳೆದಾಗ, 410 ಕಿಲೋಹರ್ಟ್ಸ್ ಕಾಂತಕ್ಷೇತ್ರದಲ್ಲಿ ಗ್ರಾಂಗೆ 960 ವ್ಯಾಟ್ ಸಿಕ್ಕಿತು. ಪ್ರಯೋಗಾಲಯದಲ್ಲಿ ರಾಸಾಯನಿಕವಾಗಿ ಮಾಡಿದ ಸಾಮಾನ್ಯ ಕಣಗಳು ಇದರ ಹತ್ತಿರಕ್ಕೆ ಬರುವುದು ಕಷ್ಟ.

ಲೋಹದ ಕಣ ಮಾಡುವ ಬ್ಯಾಕ್ಟೀರಿಯಾ ಇದೊಂದೇ ಅಲ್ಲ. ಬೆಳ್ಳಿಯ ಗಣಿಯಿಂದ ಬಂದ ಸ್ಯೂಡೋಮೋನಾಸ್ ಸ್ಟುಟ್ಜೆರಿ ತಳಿಯೊಂದು ತನ್ನ ಕೋಶದೊಳಗೆ 200 ನ್ಯಾನೋಮೀಟರ್‌ವರೆಗಿನ ಬೆಳ್ಳಿಯ ಹರಳುಗಳನ್ನು ಕೂಡಿಡುತ್ತದೆ ಎಂದು 1999ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. 2002ರಲ್ಲಿ ಮದ್ರಾಸ್ ಐಐಟಿಯ ನಾಯರ್ ಮತ್ತು ಪ್ರದೀಪ್ ನಮ್ಮ ನಿಮ್ಮ ಮನೆಯ ಮಜ್ಜಿಗೆಯಲ್ಲಿರುವಂಥ ಲ್ಯಾಕ್ಟೊಬ್ಯಾಸಿಲಸ್‌ಗೇ ಚಿನ್ನ, ಬೆಳ್ಳಿಯ ದ್ರಾವಣ ಕೊಟ್ಟು ಹರಳು ಬೆಳೆಸಿದರು. ಓದಿದವರಿಗೆಲ್ಲ ಇಷ್ಟವಾಗುವ ಪ್ರಯೋಗ ಅದು. ಆದರೆ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಬೆಳ್ಳಿಯ ಅಯಾನು ಬ್ಯಾಕ್ಟೀರಿಯಾಕ್ಕೆ ವಿಷ. ಅದು ಆ ಅಯಾನಿಗೆ ಎಲೆಕ್ಟ್ರಾನು ಕೊಟ್ಟು ಕರಗದ ಲೋಹವಾಗಿಸಿ ಮೂಲೆಗೆ ತಳ್ಳುವುದು ಜೀವ ಉಳಿಸಿಕೊಳ್ಳಲು. ಮೂಲೆಗೆ ತಳ್ಳಿದ್ದರ ಗಾತ್ರ, ಆಕಾರ ಹೇಗಿದ್ದರೂ ಅದಕ್ಕೇನೂ ನಷ್ಟವಿಲ್ಲ. ಹಾಗಾಗಿ ಕಣಗಳಲ್ಲಿ ಹತ್ತು ನ್ಯಾನೋಮೀಟರಿನದೂ ಇರುತ್ತದೆ, ನೂರಾರರದೂ ಇರುತ್ತದೆ. ಕೆಸರಿನ ಬ್ಯಾಕ್ಟೀರಿಯಾಕ್ಕಾದರೋ ಹರಳಿನ ಅಳತೆ ತಪ್ಪಿದರೆ ದಾರಿಯೇ ತಪ್ಪುತ್ತದೆ.

ಯಾವುದೋ ಬ್ಯಾಕ್ಟೀರಿಯಾ ಅಥವಾ ಗಿಡದ ರಸಕ್ಕೆ ಬೆಳ್ಳಿಯ ಲವಣ ಬೆರೆಸಿ, ಬಂದ ಕಣಗಳನ್ನು ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಸುರಿದು, ಕೋಶಗಳು ಸತ್ತವೆಂದು ವರದಿ ಮಾಡುವ ಪ್ರಬಂಧಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಬೆಳ್ಳಿ ಆರೋಗ್ಯವಂತ ಕೋಶವನ್ನೂ ಕೊಲ್ಲುತ್ತದೆ. ತಟ್ಟೆಯಲ್ಲಿ ಕ್ಯಾನ್ಸರ್ ಕೊಲ್ಲುವುದು ದೊಡ್ಡ ಮಾತಲ್ಲ; ಪಕ್ಕದ ಕೋಶವನ್ನು ಬಿಟ್ಟು ಕೊಲ್ಲಬೇಕು.

ಕಾಂತಕಣಗಳ ಕೆಲಸ ತಟ್ಟೆಯನ್ನು ದಾಟಿ ಇಲಿಗಳವರೆಗೆ ಬಂದಿದೆ. ಫ್ರಾನ್ಸಿನ ಎದುವಾರ್ ಅಲ್ಫಾಂದೇರಿ ಅವರ ತಂಡ 2011ರಲ್ಲಿ ಇಲಿಗಳ ಚರ್ಮದಡಿ ಬೆಳೆಸಿದ ಸ್ತನ ಕ್ಯಾನ್ಸರ್ ಗಡ್ಡೆಗೆ ಮ್ಯಾಗ್ನೆಟೋಸೋಮ್‌ಗಳನ್ನು ಚುಚ್ಚಿ, ಮೂರು ಬಾರಿ, ಬಾರಿಗೆ 20 ನಿಮಿಷ ಕಾಂತಕ್ಷೇತ್ರ ಹಾಯಿಸಿತು. ಸಾಲು ಮುರಿಯದ ಸರಗಳನ್ನು ಚುಚ್ಚಿದಲ್ಲಿ ಫಲ ಹೆಚ್ಚು ಸಿಕ್ಕಿತು, ಬಿಡಿಬಿಡಿಯಾದ ಕಣಗಳಲ್ಲಿ ಕಡಿಮೆ. ಬಿಡಿ ಕಣಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟುತ್ತವೆ. ಸರವಾದರೆ ಗಡ್ಡೆಯಲ್ಲಿ ಹರಡಿಕೊಳ್ಳುತ್ತದೆ.

ಇಷ್ಟರಲ್ಲೇ ದೊಡ್ಡ ತೊಡಕು ಎದುರಾಯಿತು. ಈ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ವಸ್ತುವಿದೆ. ಅದು ರಕ್ತಕ್ಕೆ ಸೇರಿದರೆ ಜ್ವರ ಬರುತ್ತದೆ, ಪ್ರಮಾಣ ಹೆಚ್ಚಿದರೆ ಪ್ರಾಣಕ್ಕೇ ಅಪಾಯ. ಹರಳನ್ನು ಸುತ್ತಿದ ಪೊರೆಯ ಜೊತೆಯಲ್ಲೂ ಇದರ ಉಳಿಕೆ ಅಂಟಿ ಬರುತ್ತದೆ. ಅದೇ ತಂಡ ಮುಂದೆ ಬ್ಯಾಕ್ಟೀರಿಯಾದ ಸಾವಯವ ಭಾಗವನ್ನೆಲ್ಲ ಕಿತ್ತು, ಬರೀ ಹರಳಿಗೆ ಪಾಲಿಲೈಸೀನ್ ಎಂಬ ಹೊಸ ಹೊದಿಕೆ ಕೊಟ್ಟಿತು. ಮಿದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಗಡ್ಡೆ ಬೆಳೆಸಿದ್ದ ಇಲಿಗಳಲ್ಲಿ ಚಿಕಿತ್ಸೆ ಪಡೆದ ಎಲ್ಲದರಲ್ಲೂ ಗಡ್ಡೆ ಪೂರ್ತಿ ಮಾಯವಾಯಿತೆಂದು 2017ರಲ್ಲಿ ಪ್ರಕಟಿಸಿತು. ಜೀವಿಯೇ ಹೊದಿಸಿಕೊಟ್ಟ ಪೊರೆ ನಮಗೆ ಸಿಕ್ಕ ಬೋನಸ್ಸು ಎಂದು ಹೊಗಳುತ್ತಿದ್ದವರಿಗೆ ಇದು ಸ್ವಲ್ಪ ಇರಿಸುಮುರಿಸಿನ ಸಂಗತಿ. ಪೊರೆಯನ್ನು ಉಳಿಸಿಕೊಂಡೇ ಶುದ್ಧಿ ಮಾಡಲು ಯತ್ನಿಸುತ್ತಿರುವ ತಂಡಗಳೂ ಇವೆ.

ಮನುಷ್ಯರಲ್ಲಿ ಇದಕ್ಕೆ ಹತ್ತಿರದ ಅನುಭವ ಬಂದಿರುವುದು ಕೃತಕ ಕಣಗಳಿಂದ. ಬರ್ಲಿನ್ನಿನ ಮ್ಯಾಗ್‌ಫೋರ್ಸ್ ಕಂಪನಿಯ ಸುಮಾರು 12 ನ್ಯಾನೋಮೀಟರಿನ ಕಬ್ಬಿಣದ ಆಕ್ಸೈಡ್ ಕಣಗಳಿಗೆ, ಮಿದುಳಿನ ಗಡ್ಡೆಗಳ ಚಿಕಿತ್ಸೆಗಾಗಿ, 2010ರಲ್ಲಿ ಯುರೋಪಿನಲ್ಲಿ ಅನುಮತಿ ಸಿಕ್ಕಿತು. ವಿಕಿರಣದ ಜೊತೆ ಇದನ್ನು ಕೊಟ್ಟ ಅಧ್ಯಯನದಲ್ಲಿ, ಗಡ್ಡೆ ಮರುಕಳಿಸಿದ 59 ರೋಗಿಗಳು ಆ ಬಳಿಕ ಬದುಕಿದ ಮಧ್ಯಮ ಅವಧಿ 13.4 ತಿಂಗಳು. ಚಿಕಿತ್ಸೆಗೆ ಮುನ್ನ ಹಲ್ಲಿನಲ್ಲಿ ತುಂಬಿಸಿಕೊಂಡ ಲೋಹವನ್ನೂ ತೆಗೆಸಬೇಕು, ಇಲ್ಲವಾದರೆ ಅದೂ ಕಾಯುತ್ತದೆ. ಒಳಗೆ ಉಳಿದ ಕಣಗಳಿಂದಾಗಿ ಆಮೇಲೆ ಆ ಭಾಗದ ಎಂಆರ್‌ಐ ಚಿತ್ರ ಸರಿಯಾಗಿ ಬರುವುದಿಲ್ಲ.

ಇಲ್ಲೆಲ್ಲ ಕಣಗಳನ್ನು ನೇರವಾಗಿ ಗಡ್ಡೆಗೇ ಚುಚ್ಚಿದ್ದಾರೆ. ರಕ್ತನಾಳದ ಮೂಲಕ ಕಳಿಸಬಾರದೇಕೆ ಎಂದು ಕೇಳಬಹುದು. ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಮಾಡಿದಾಗ, ರಕ್ತಕ್ಕೆ ಬಿಟ್ಟ ನ್ಯಾನೋಕಣಗಳಲ್ಲಿ ಗಡ್ಡೆ ತಲುಪುವುದು ಸಾಮಾನ್ಯವಾಗಿ ಶೇ. 0.7 ಮಾತ್ರ ಎಂದು ತಿಳಿದುಬಂತು. ಉಳಿದದ್ದರಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳ ಪಾಲು.

ಮಾಂಟ್ರಿಯಲ್‌ನ ಸಿಲ್ವೇನ್ ಮಾರ್ಟೆಲ್ ಈ ಸಮಸ್ಯೆಗೆ ಬೇರೆ ಬಾಗಿಲು ಹುಡುಕಿದರು: ಕಣವನ್ನು ಬ್ಯಾಕ್ಟೀರಿಯಾದಿಂದ ತೆಗೆಯುವುದೇ ಬೇಡ, ಬ್ಯಾಕ್ಟೀರಿಯಾವನ್ನೇ ಕಳಿಸೋಣ. ವೇಗವಾಗಿ ಬೆಳೆಯುವ ಗಡ್ಡೆಯ ನಡುಭಾಗಕ್ಕೆ ರಕ್ತ ಸಾಲದೆ ಆಮ್ಲಜನಕದ ಬರ ಇರುತ್ತದೆ. ಔಷಧಿಯೂ ಅಲ್ಲಿಗೆ ಮುಟ್ಟುವುದಿಲ್ಲ, ವಿಕಿರಣವೂ ಅಲ್ಲಿ ಅಷ್ಟಾಗಿ ನಾಟುವುದಿಲ್ಲ. ಕೆಸರಿನ ಜೀವಿ ಹುಡುಕುವುದು ಅಂಥ ಜಾಗವನ್ನೇ. ಮಾರ್ಟೆಲ್ ತಂಡ ಎಂಸಿ-1 ಎಂಬ ಸಮುದ್ರದ ತಳಿಯ ಒಂದೊಂದು ಬ್ಯಾಕ್ಟೀರಿಯಾದ ಮೈಮೇಲೂ ಸುಮಾರು 70 ಕೊಬ್ಬಿನ ಗುಳ್ಳೆಗಳಲ್ಲಿ ಔಷಧಿ ಹೇರಿ, ಇಲಿಗಳ ಗಡ್ಡೆಯ ಬಳಿ ಚುಚ್ಚಿ, ಕಾಂತಕ್ಷೇತ್ರದಿಂದ ದಿಕ್ಕು ತೋರಿಸಿತು. ಹತ್ತಿರ ಬಂದ ಮೇಲೆ ಆಮ್ಲಜನಕ ಕಡಿಮೆ ಇರುವ ಕಡೆಗೆ ಅವು ತಾವೇ ನುಗ್ಗಿದವು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗರಿಷ್ಠ ಶೇ. 55ರಷ್ಟು ಆ ಒಳಭಾಗ ಸೇರಿದ್ದವು. ದೇಹದ 37 ಡಿಗ್ರಿ ಬಿಸಿ ಈ ತಣ್ಣೀರಿನ ಜೀವಿಗೆ ಒಗ್ಗುವುದಿಲ್ಲ, ಹೆಚ್ಚು ಹೊತ್ತು ಬದುಕುವುದಿಲ್ಲ. ಸೋಂಕಾಗಿ ಬೇರುಬಿಡುವ ಭಯ ಅದರಿಂದ ಕಡಿಮೆಯಾಗುತ್ತದೆ, ಹಾಗೆಯೇ ಅದು ತಲುಪಬೇಕಾದಲ್ಲಿಗೆ ತಲುಪಲು ಸಿಗುವ ಸಮಯವೂ.