ಗಿರಿಯ ಕಾಲುದಾರಿ

ಕಲ್ಯಾಣವನ್ನು ಬಿಟ್ಟ ಅಕ್ಕಮಹಾದೇವಿಯು ಶ್ರೀಶೈಲಕ್ಕೆ ತೆರಳಿದಳು. ಮಠದ ಪಾಠಶಾಲೆಯಲ್ಲಿ ಕಲಿತ ಈ ವಾಕ್ಯವನ್ನು ನಾಲ್ಕು ದಶಕಗಳಿಂದ ಪ್ರವಚನಗಳಲ್ಲಿ ಹೇಳುತ್ತ ಬಂದವನು ನಾನು. 'ತೆರಳಿದಳು' ಎಂಬ ಆ ಒಂದು ಕ್ರಿಯಾಪದದೊಳಗೆ ಎಷ್ಟು ಕಲ್ಲು, ಎಷ್ಟು ಬಿಸಿಲು ಅಡಗಿದೆಯೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿ ಹೋಗಿ ಮಲ್ಲಯ್ಯನ ದರ್ಶನವನ್ನು ಹಲವು ಸಲ ಪಡೆದಿದ್ದೆ; ಕಾಲುದಾರಿಯು ಬಾಲ್ಯದಿಂದಲೂ ಕನಸಾಗಿಯೇ ಉಳಿದಿತ್ತು.

2023ರ ಯುಗಾದಿಗೆ ಮೂವರು ಬಾಲ್ಯಮಿತ್ರರೊಡನೆ ಹೊರಟೆ. ನಾಲ್ವರೂ ಅರವತ್ತು ದಾಟಿದವರು. ಆಂಧ್ರದ ಆತ್ಮಕೂರನ್ನು ಕಳೆದು ವೆಂಕಟಾಪುರವನ್ನು ಸೇರಿದರೆ ಅಲ್ಲಿಂದ ಮುಂದೆ ನಲ್ಲಮಲದ ಅರಣ್ಯ. ಸುಮಾರು 40 ಕಿಲೋಮೀಟರ್ ನಡಿಗೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು, ಪೆದ್ದಚೆರುವಿನಲ್ಲಿ ರಾತ್ರಿ ಕಳೆದೆವು. ದಾರಿಯುದ್ದಕ್ಕೂ ನಮ್ಮ ಉತ್ತರ ಕರ್ನಾಟಕದ ಜನವೇ. ಹೆಗಲ ಮೇಲೆ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡ ಯುವಕರು, ತಲೆಯ ಮೇಲೆ ಬುತ್ತಿಗಂಟು ಹೊತ್ತ ತಾಯಂದಿರು! ಭ್ರಮರಾಂಬೆಯು ಇವರಿಗೆ ದೇವಿಯಷ್ಟೇ ಅಲ್ಲ, ಮನೆಯ ಮಗಳು. ಆದುದರಿಂದಲೇ ಉಡಿ ತುಂಬುವ ಸೀರೆ-ಖಣಗಳು ಬುತ್ತಿಯೊಡನೆ ಗಂಟಿನಲ್ಲಿರುತ್ತವೆ.

ನಮ್ಮ ಪರೀಕ್ಷೆ ನಡೆದುದು ಭೀಮನ ಕೊಳ್ಳದಲ್ಲಿ. ಆಳವಾದ ಕಣಿವೆ, ಇಳಿಯಲೂ ಕಲ್ಲಿನ ಮೆಟ್ಟಿಲು, ಏರಲೂ ಕಲ್ಲಿನ ಮೆಟ್ಟಿಲು. ಶ್ರೀಶೈಲಕ್ಕೆ ಸೋಪಾನ ಕಟ್ಟಿಸಿದವರಲ್ಲಿ 14ನೆಯ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮನ ಹೆಸರು ಪ್ರಸಿದ್ಧವಾದುದು. ಅದನ್ನು ಮಿತ್ರರಿಗೆ ವಿವರಿಸುತ್ತಲೇ ಇಳಿಯುತ್ತಿದ್ದೆ. ಪಾಂಡಿತ್ಯ ಪ್ರದರ್ಶನಕ್ಕೆ ಅದು ಸ್ಥಳವಲ್ಲ. ಹಿಂದಿನಿಂದ ಬರುತ್ತಿದ್ದ ನಿವೃತ್ತ ಶಿಕ್ಷಕ ಮಿತ್ರರು ತಳದಲ್ಲಿ ಕುಳಿತೇಬಿಟ್ಟರು. ಮೊಣಕಾಲು ಬಾತಿತ್ತು.

"ಶಾಸ್ತ್ರಿಗಳೇ, ನೀವು ಮೂವರೂ ಮುಂದ ನಡೀರಿ. ನನ್ನಿಂದ ದರ್ಶನಕ್ಕ ತಡ ಆಗೂದು ಬ್ಯಾಡ" ಎಂದರು.

ಹೋಗಬೇಕೆಂದು ನನ್ನ ಮನಸ್ಸು ಕ್ಷಣಕಾಲ ಬಯಸಿತೆಂಬುದನ್ನು ಮುಚ್ಚಿಡಲಾರೆ. ಸಂಜೆಯೊಳಗೆ ಕ್ಷೇತ್ರವನ್ನು ಸೇರುವ ಸಂಕಲ್ಪ ಮಾಡಿದ್ದೆನಲ್ಲ! ಅಷ್ಟರಲ್ಲಿ ದಾರಿಹೋಕ ವೃದ್ಧೆಯೊಬ್ಬಳು ಗಂಟು ಇಳಿಸಿ, ಗುಳೇದಗುಡ್ಡದ ಹೊಸ ಖಣವೊಂದನ್ನು ತೆಗೆದು, ಅವರ ಮೊಣಕಾಲಿಗೆ ಬಿಗಿದು ಕಟ್ಟಿದಳು. "ಅಬ್ಬೇ, ಅದು ತಾಯಿಗೆ ತಂದದ್ದಲ್ಲೇನ?" ಎಂದೆ.

"ಆಕಿಗೆ ಸೀರಿ ಐತಿ, ಸಾಕು. ಏಳಪ್ಪಾ" ಎಂದಷ್ಟೇ ನುಡಿದು, ಗಂಟು ಹೊತ್ತು ಮೆಟ್ಟಿಲೇರಿದಳು. ಊರು, ಹೆಸರು ಕೇಳುವ ಬುದ್ಧಿ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ.

ಬಿಸಿಲು ಇಳಿಯುವವರೆಗೆ ನಾಲ್ವರೂ ಅಲ್ಲಿಯೇ ಕುಳಿತೆವು. ಬಳಿಕ ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಒಬ್ಬರ ಹೆಗಲನ್ನೊಬ್ಬರು ಹಿಡಿದು ಏರಿದೆವು. ಕೈಲಾಸದ್ವಾರವನ್ನು ಮುಟ್ಟುವಾಗ ಕತ್ತಲಾಗಿತ್ತು. ಮಲ್ಲಿಕಾರ್ಜುನನ ದರ್ಶನವಾದದ್ದು ಮರುದಿನ.

ದರ್ಶನಕ್ಕೆ ಮುನ್ನ ಮಿತ್ರರು ಕುಂಟುತ್ತಲೇ ಅಂಗಡಿಬೀದಿಗೆ ಹೋಗಿ ಖಣವೊಂದನ್ನು ಕೊಂಡು ತಂದರು. ಸರದಿಯಲ್ಲಿ ನಿಂತಷ್ಟು ಹೊತ್ತೂ ಮುಂದಿದ್ದ ಹೆಂಗಸರ ಮುಖಗಳನ್ನು ಹುಡುಕಿದೆವು. ಆ ಅಬ್ಬೆ ಕಾಣಲಿಲ್ಲ. ಖಣವನ್ನು ಭ್ರಮರಾಂಬೆಗೆ ಒಪ್ಪಿಸಿದೆವು. ಯಾರ ಹೆಸರಿನಲ್ಲಿ ಎಂದು ಅರ್ಚಕರು ಕೇಳಿದಾಗ ಮಿತ್ರರು ನನ್ನ ಮುಖವನ್ನು ನೋಡಿದರು.