ಅಕ್ಷರದಿಂದ ದಿನಾಂಕಕ್ಕೆ

ಕಾಗದದ ಮೇಲೆ ‘15-08-1947’ ಎಂದು ಬರೆದಿದ್ದರೆ, ಅದು ಭಾರತ ಸ್ವತಂತ್ರವಾದ ದಿನವೆಂದು ಓದುವವನಿಗೆ ಕೂಡಲೇ ತಿಳಿಯುತ್ತದೆ. ಗಣಕಯಂತ್ರದ ಸಂಗತಿ ಹಾಗಲ್ಲ. ಅದೇ ಬರಹವನ್ನು ಡೇಟಾಬೇಸ್ ಎಂಬ ಮಾಹಿತಿಕೋಶದಲ್ಲಿ ಪಠ್ಯವಾಗಿ ತುಂಬಿದರೆ, ಯಂತ್ರದ ಪಾಲಿಗೆ ಅದು ಹತ್ತು ಚಿಹ್ನೆಗಳ ಸಾಲು ಮಾತ್ರ.

ಇದರಿಂದ ಒದಗುವ ತೊಡಕನ್ನು ನೋಡಿರಿ. ಸ್ವಾತಂತ್ರ್ಯದ 15-08-1947, ಗಣರಾಜ್ಯದ 26-01-1950, ಕನ್ನಡ ನಾಡು ಒಂದುಗೂಡಿದ 01-11-1956 ಇವುಗಳನ್ನು ಅನುಕ್ರಮವಾಗಿ ಜೋಡಿಸೆಂದರೆ, ಯಂತ್ರವು ನಿಘಂಟಿನ ಪದಗಳನ್ನು ಹೋಲಿಸುವಂತೆ ಎಡದಿಂದ ಒಂದೊಂದೇ ಚಿಹ್ನೆಯನ್ನು ಹೋಲಿಸುತ್ತದೆ. ಆಗ ಸೊನ್ನೆಯಿಂದ ಮೊದಲಾಗುವ 1956ರ ದಿನವೇ ಎಲ್ಲಕ್ಕೂ ಮುಂದೆ ಬಂದು ನಿಲ್ಲುತ್ತದೆ!

ಆದುದರಿಂದ ಮಾಹಿತಿಕೋಶಗಳಲ್ಲಿ ದಿನಾಂಕಕ್ಕೆಂದೇ ಪ್ರತ್ಯೇಕ ಬಗೆಯೊಂದಿದೆ. ಅದರ ಒಳಗುಟ್ಟು ಎಣಿಕೆ. ಪೋಸ್ಟ್‌ಗ್ರೆಸ್ ಎಂಬ ಮಾಹಿತಿಕೋಶವು 2000ದ ಜನವರಿ 1ನ್ನು ಸೊನ್ನೆಯೆಂದು ಹಿಡಿದು, ಉಳಿದ ದಿನಗಳನ್ನು ಅದರಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತದೆ. ಪಠ್ಯವನ್ನು ಹೀಗೆ ಸಂಖ್ಯೆಯಾಗಿಸಿದರೆ ಕಾಲಕ್ರಮ ತಾನಾಗಿ ಒದಗುತ್ತದೆ. ಸ್ವಾತಂತ್ರ್ಯಕ್ಕೂ ಗಣರಾಜ್ಯಕ್ಕೂ ನಡುವೆ 895 ದಿನಗಳೆಂಬುದು ಒಂದು ಕಳೆಯುವ ಲೆಕ್ಕದಿಂದ ದೊರೆಯುತ್ತದೆ. ಫೆಬ್ರವರಿ 31ರಂತಹ ಇಲ್ಲದ ದಿನವು ತಿರಸ್ಕೃತವಾಗುತ್ತದೆ.

ಆದರೆ ಈ ಪರಿವರ್ತನೆಯಲ್ಲಿ ಅಪಾಯವೂ ಉಂಟು. ‘03-04-2005’ ಎಂಬುದು ನಮ್ಮಲ್ಲಿ ಏಪ್ರಿಲ್ 3; ಅಮೆರಿಕದ ರೂಢಿಯಲ್ಲಿ ಮಾರ್ಚ್ 4. ಎರಡಕ್ಕೂ 30 ದಿನಗಳ ಅಂತರ. ‘25-04-2005’ ಎಂದಿದ್ದರೆ 25ನೆಯ ತಿಂಗಳಿಲ್ಲದ ಕಾರಣ ತಪ್ಪು ಹೊರಬೀಳುತ್ತದೆ. ದಿನದ ಅಂಕಿ 12ನ್ನು ಮೀರದಿದ್ದರೆ ತಪ್ಪು ಸದ್ದಿಲ್ಲದೆ ಒಳಸೇರುತ್ತದೆ. ಆದುದರಿಂದ ಬರಹದಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬುದನ್ನು ಮನುಷ್ಯನೇ ಯಂತ್ರಕ್ಕೆ ವಿಧಿಸಬೇಕು. ಮೂಲ ಬರಹವನ್ನೂ ಅಳಿಸದೆ ಕಾಪಾಡಬೇಕು. ಈ ಗೊಂದಲವನ್ನು ನೀಗಲೆಂದೇ 1988ರಲ್ಲಿ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ ಪ್ರಕಟವಾಯಿತು. ಅದರಂತೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ‘2005-04-03’ ಎಂದು ಬರೆದರೆ, ಪಠ್ಯದ ಕ್ರಮವೂ ಕಾಲದ ಕ್ರಮವೂ ಒಂದೇ ಆಗುತ್ತವೆ.

ಯಂತ್ರವನ್ನೇ ಊಹಿಸಲು ಬಿಟ್ಟರೆ ಏನಾಗುವುದೆಂಬುದಕ್ಕೆ ಜೀವವಿಜ್ಞಾನದಲ್ಲಿ ನಿದರ್ಶನವಿದೆ. ‘ಮಾರ್ಚ್1’ ಎಂಬುದು ಮನುಷ್ಯನ ಒಂದು ಜೀನಿನ ಸಂಕೇತವಾಗಿತ್ತು. ಎಕ್ಸೆಲ್ ತಂತ್ರಾಂಶವು ಅದನ್ನು ಮಾರ್ಚ್ ತಿಂಗಳ ಮೊದಲ ದಿನವೆಂದು ಬಗೆದು ಬದಲಿಸಿಬಿಡುತ್ತಿತ್ತು. ಇಂತಹ ತಪ್ಪುಗಳು ಸಂಶೋಧನಾ ಲೇಖನಗಳ ಪಟ್ಟಿಗಳಲ್ಲಿಯೂ ನುಸುಳಿದವು. ಕಡೆಗೆ 2020ರ ವೇಳೆಗೆ ವಿಜ್ಞಾನಿಗಳು ಅಂತಹ ಜೀನುಗಳ ಸಂಕೇತಗಳನ್ನೇ ಬದಲಾಯಿಸಬೇಕಾಯಿತು.

ಮಗುವಿನ ಲಸಿಕೆಯ ದಿನ, ವಿದ್ಯಾರ್ಥಿಯ ವಯಸ್ಸು, ವೃದ್ಧರ ಪಿಂಚಣಿ ಎಲ್ಲವೂ ಇಂದು ಇಂತಹ ಅಂಕಿಗಳನ್ನೇ ನೆಚ್ಚಿವೆ. ಎಣಿಸುವುದು ಯಂತ್ರದ ಕೆಲಸ. ಎಣಿಸಬೇಕಾದುದರ ಅರ್ಥವನ್ನು ಖಚಿತಪಡಿಸುವುದು ಮನುಷ್ಯನ ಹೊಣೆ.