ಜ್ವರ ಇಳಿಯದಿದ್ರೆ ಕೇಳಿ: ಕಲ್ಚರ್ ಆಯ್ತಾ?

ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಒಂದು ಊರನ್ನು ಕಣ್ಮುಂದೆ ತಂದುಕೊಳ್ಳಿ. ಆಷಾಢದ ಮಳೆ, ಗದ್ದೆ ತುಂಬ ಕೆಸರು. ಸಕ್ಕರೆ ಕಾಯಿಲೆ ಇರುವ ಒಬ್ಬ ರೈತ, ಕಾಲಲ್ಲಿ ಸಣ್ಣ ಗಾಯ. ಕೆಲವೇ ದಿನದಲ್ಲಿ ಜ್ವರ, ಕೆಮ್ಮು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ದಾಯ್ತು, ಇಳಿಯಲಿಲ್ಲ. ಇಂಜೆಕ್ಷನ್ ಆಯ್ತು, ಇಳಿಯಲಿಲ್ಲ. ಎಕ್ಸ್‌ರೇ ನೋಡಿ ಟಿಬಿ ಇರಬಹುದು ಅಂದ್ರು.

ಈ ರೈತ ನಾನು ಕೊಟ್ಟ ಉದಾಹರಣೆ. ಆದರೆ ರೋಗ ನಿಜ. ಹೆಸರು ಮೆಲಿಯೊಯ್ಡೋಸಿಸ್. 1912ರಲ್ಲಿ ರಂಗೂನಿನಿಂದ ಇದನ್ನು ಮೊದಲು ವರದಿ ಮಾಡಿದವರು ಆಲ್ಫ್ರೆಡ್ ವಿಟ್‌ಮೋರ್ ಮತ್ತು ನಮ್ಮವರೇ ಆದ ಸಿ.ಎಸ್. ಕೃಷ್ಣಸ್ವಾಮಿ. ನಮ್ಮ ಕರಾವಳಿಯ ರೋಗಿಗಳಲ್ಲಿ ಇದು ಇದೆ ಅಂತ ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರು ವರ್ಷಗಳಿಂದ ಹೇಳ್ತಾ ಬಂದಿದ್ದಾರೆ. ಹೆಚ್ಚಿನವರು ಸಕ್ಕರೆ ಕಾಯಿಲೆಯವರು, ಹೆಚ್ಚಿನ ಪ್ರಕರಣ ಮಳೆಗಾಲದ್ದು. 2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 1,65,000 ಜನರಿಗೆ ಈ ರೋಗ ಬರುತ್ತೆ, 89,000 ಜನ ಸಾಯ್ತಾರೆ.

ಇದರ ಬ್ಯಾಕ್ಟೀರಿಯಾ ಮಣ್ಣು, ನೀರಿನಲ್ಲಿ ಬದುಕುತ್ತೆ. ಗಾಯದಿಂದ, ಉಸಿರಿನಿಂದ ದೇಹದ ಒಳಗೆ ಬರುತ್ತೆ. ಹಾಗಾದ್ರೆ ಔಷಧ ಯಾಕೆ ಸೋಲುತ್ತೆ? ಔಷಧಕ್ಕೆ ಬಗ್ಗದಿರೋದರಲ್ಲಿ ಎರಡು ಬಗೆ. ಒಂದು, ನಾವು ಆಂಟಿಬಯಾಟಿಕ್ ಅನ್ನು ಬೇಕಾಬಿಟ್ಟಿ ನುಂಗಿ ಬ್ಯಾಕ್ಟೀರಿಯಾಗೆ ಕಲಿಸಿಕೊಟ್ಟದ್ದು. ಇನ್ನೊಂದು ಹುಟ್ಟುಗುಣ, ಸುಟ್ಟರೂ ಹೋಗದು. ಈ ಬ್ಯಾಕ್ಟೀರಿಯಾದ್ದು ಮುಖ್ಯವಾಗಿ ಎರಡನೆಯದು. ಒಳಗೆ ಬಂದ ಔಷಧವನ್ನು ಹೊರಕ್ಕೆ ತಳ್ಳೋ ಪಂಪು ಅದರಲ್ಲೇ ಇದೆ. ಪೆನಿಸಿಲಿನ್, ಆಂಪಿಸಿಲಿನ್ ನಾಟೋದಿಲ್ಲ, ಜೆಂಟಾಮೈಸಿನ್ ಕೂಡ ಸಾಮಾನ್ಯವಾಗಿ ನಾಟೋದಿಲ್ಲ. ಸೆಫ್ಟಜಿಡೈಮ್ ಅಥವಾ ಮೆರೋಪೆನೆಮ್ ಅನ್ನು ಕನಿಷ್ಠ ಹತ್ತು ಹದಿನಾಲ್ಕು ದಿನ ನರದ ಮೂಲಕ ಕೊಡಬೇಕು. ಆಮೇಲೆ ಕೋ-ಟ್ರೈಮಾಕ್ಸಜೋಲ್ ಮಾತ್ರೆ, ಸುಮಾರು ಮೂರು ತಿಂಗಳು.

ಎಡವಟ್ಟಾಗೋದು ಇಲ್ಲೇ. ಜ್ವರ ಬಿಟ್ಟಿತು ಅಂತ ಮಾತ್ರೆಯನ್ನೂ ಬಿಡ್ತೀವಿ. ತಿಂಗಳುಗಳ ನಂತರ ರೋಗ ಮತ್ತೆ ಬರುತ್ತೆ. ಅದು ಹಳೆಯದೋ, ಗದ್ದೆಯಿಂದ ಹೊಸದಾಗಿ ಅಂಟಿದ್ದೋ? ಇದಕ್ಕೇ ತಳಿ ಪತ್ತೆ ಬೇಕು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಏಳು ಜೀನ್‌ಗಳನ್ನು ಓದಿ ಅದಕ್ಕೊಂದು ತಳಿ ಸಂಖ್ಯೆ ಕೊಡ್ತಾರೆ. ಎರಡು ಸಲವೂ ಒಂದೇ ಸಂಖ್ಯೆ ಬಂದ್ರೆ ಹಳೆಯ ವೈರಿ ಒಳಗೇ ಅಡಗಿತ್ತು ಅಂತ ಅನುಮಾನಿಸಬೇಕು. ಸಂಖ್ಯೆ ಬೇರೆಯಾದ್ರೆ ಅದು ಹೊಸ ಸೋಂಕು. ಅಲ್ಲದೆ ಅರೆಬರೆ ಚಿಕಿತ್ಸೆಯ ನಡುವೆ, ಕೆಲಸ ಮಾಡ್ತಿದ್ದ ಔಷಧವನ್ನೂ ಈ ಬ್ಯಾಕ್ಟೀರಿಯಾ ಗೆಲ್ಲೋದನ್ನು ಕಲಿಯಬಹುದು.

ಆದರೆ ಎಲ್ಲದಕ್ಕೂ ಮೊದಲು ಕಲ್ಚರ್ ಆಗಬೇಕು. ರಕ್ತ, ಕಫ, ಕೀವು, ಯಾವುದಾದರೂ ಸರಿ, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸಬೇಕು. ಸಾಧ್ಯವಾದಷ್ಟೂ ಆಂಟಿಬಯಾಟಿಕ್ ಕೊಡುವ ಮೊದಲೇ ಸ್ಯಾಂಪಲ್ ತೆಗೀಬೇಕು. ಲ್ಯಾಬಿನಲ್ಲೂ ಇದನ್ನು ಬೇರೆ ಸಾಮಾನ್ಯ ಬ್ಯಾಕ್ಟೀರಿಯಾ ಅಂತ ತಪ್ಪು ತಿಳಿಯೋದುಂಟು. ಹಾಗಾಗಿ ಸಕ್ಕರೆ ಕಾಯಿಲೆ ಇದೆ, ಗದ್ದೆ ಕೆಲಸ ಮಾಡ್ತೀನಿ ಅಂತ ನೀವಾಗಿಯೇ ಡಾಕ್ಟ್ರಿಗೆ ಹೇಳಿ. ಗಾಯ ಇದ್ರೆ ಮುಚ್ಚಿ, ಗಮ್‌ಬೂಟು ಹಾಕಿ ಗದ್ದೆಗಿಳೀರಿ.

ಮಳೆಗಾಲದ ಜ್ವರ ವಾರವಾದರೂ ಇಳಿಯದಿದ್ರೆ, ಮೂರನೇ ಇಂಜೆಕ್ಷನ್‌ಗೆ ತೋಳು ಒಡ್ಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಕಲ್ಚರ್ ಮಾಡಿಸೋಣ್ವಾ?"